ಗಾಡಿ ಬದಲಾದರೆ ಬ್ರೇಕ್ ಗೊಂದಲ ಆಗಲ್ವಾ?

ಸ್ಕೂಟರು, ಬೈಕು, ಮೇಲೆ ಹಳೇ ಬ್ರಿಟಿಷ್ ಬೈಕು ಬೇರೆ. ಎಲ್ಲವನ್ನೂ ಓಡಿಸುತ್ತೀರಿ, ಬ್ರೇಕ್ ಎಲ್ಲಿದೆ ಅಂತ ತಲೆ ಕೆಡಲ್ವಾ ಎಂದು ಸುಮಾರು ಜನ ಕೇಳುತ್ತಾರೆ.

ಸಿಗ್ನಲ್ ನೋಡಿ ನಿಧಾನಕ್ಕೆ ನಿಲ್ಲಿಸುವಾಗ ಕೆಡುವುದಿಲ್ಲ. ಯೋಚಿಸಲು ಸಮಯ ಇರುತ್ತದೆ. ಯಾರಾದರೂ ಅಡ್ಡ ಬಂದರೆ ಮಾತ್ರ ಕೈಕಾಲು ತಲೆಯ ಮಾತು ಕೇಳುವುದಿಲ್ಲ. ಜಾಸ್ತಿ ಓಡಿಸಿದ ಗಾಡಿಯಲ್ಲಿ ಏನು ಮಾಡುತ್ತಿದ್ದವೋ ಅದನ್ನೇ ಮಾಡುತ್ತವೆ.

ಬೈಕಿನವರು ಗೇರಿಲ್ಲದ ಸ್ಕೂಟರ್ ಹತ್ತಿದರೆ ಎಡಗೈ ಕ್ಲಚ್ ಅಂದುಕೊಂಡು ಲಿವರನ್ನು ಪೂರ್ತಿ ಎಳೆಯುತ್ತದೆ. ಅಲ್ಲಿರುವುದು ಹಿಂದಿನ ಬ್ರೇಕು. ಚಕ್ರ ಲಾಕ್ ಆಗಿ ಜಾರುತ್ತದೆ. ಸ್ಕೂಟರಿನವರು ಬೈಕ್ ಹತ್ತಿದರೆ ಇನ್ನೂ ಕಷ್ಟ. ಗಾಬರಿಯಲ್ಲಿ ಎಡಗೈ ಹಿಡಿದದ್ದು ಕ್ಲಚ್. ಬ್ರೇಕೂ ಬೀಳಲಿಲ್ಲ, ಎಂಜಿನ್ ಹಿಡಿತವೂ ಹೋಯಿತು. ಗಾಡಿ ಆರಾಮಾಗಿ ಮುಂದಕ್ಕೆ ಉರುಳುತ್ತದೆ.

ಹಳೇ ಬ್ರಿಟಿಷ್ ಬೈಕುಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ ಇರಬೇಕೆಂಬ ಅಮೆರಿಕದ ನಿಯಮ 1974ರಲ್ಲಿ ಜಾರಿಗೆ ಬಂದ ಮೇಲೆ 1975ರ ಹೊತ್ತಿಗೆ ಟ್ರಯಂಫ್, ನಾರ್ಟನ್ ಎಂಬ ಬ್ರಿಟಿಷ್ ಕಂಪನಿಗಳ ಬೈಕುಗಳೂ ಬದಲಾದವು. ಅದಕ್ಕೂ ಹಿಂದಿನ ಟ್ರಯಂಫಿನಲ್ಲಿ ಬ್ರೇಕ್ ಅಂತ ಬಲಗಾಲು ಒತ್ತಿದರೆ ಕನಿಷ್ಠ ಗೇರಾದರೂ ಇಳಿಯುತ್ತದೆ. ನಾರ್ಟನ್ನಿನಲ್ಲಿ ಒತ್ತಿದರೆ ಗೇರು ಏರುತ್ತದೆ!

ನಾನು ನೆಚ್ಚುವುದು ಒಂದನ್ನೇ. ನಾನು ಓಡಿಸುವ ಎಲ್ಲದರಲ್ಲೂ ಮುಂದಿನ ಬ್ರೇಕ್ ಬಲಗೈಯಲ್ಲಿದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಟೈರಿನ ಹಿಡಿತ ಹೆಚ್ಚುತ್ತದೆ. ಒಣ ರಸ್ತೆಯಲ್ಲಿ ಗಾಡಿಯನ್ನು ಮುಖ್ಯವಾಗಿ ನಿಲ್ಲಿಸುವುದು ಅದೇ. ಹಾಗಾಗಿ ಹೊಸ ಗಾಡಿ ಹತ್ತಿದಾಗ ಕಾಲಿಗಿಂತ ಮೊದಲು ಬಲಗೈಯನ್ನು ಪಳಗಿಸುತ್ತೇನೆ. ಖಾಲಿ ಜಾಗದಲ್ಲಿ ಮೆಲ್ಲಗೆ ಹೋಗಿ ನಿಲ್ಲಿಸುವುದು, ಆಮೇಲೆ ಸ್ವಲ್ಪ ವೇಗದಲ್ಲಿ. ಲಿವರನ್ನು ಒಮ್ಮೆಲೇ ಎಳೆಯದೆ ಹಂತಹಂತವಾಗಿ ಬಿಗಿ ಮಾಡಬೇಕು. ಹಳೇ ಡ್ರಮ್ ಬ್ರೇಕಿಗೆ ಬೇಕಾಗುವಷ್ಟು ಬಲವನ್ನು ಡಿಸ್ಕ್ ಬ್ರೇಕಿಗೆ ಹಾಕಿದರೆ ಮುಂದಿನ ಚಕ್ರವೇ ಲಾಕ್ ಆಗಬಹುದು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದಿದ್ದರಂತೂ ಜಾಗ್ರತೆ.

ಹೊರಡುವ ಮುಂಚೆ ನಿಂತಲ್ಲೇ ಬ್ರೇಕ್ ಪೆಡಲ್ ಒತ್ತಿ ನೋಡುತ್ತೇನೆ. ಅದು ತುಂಬಾ ಎತ್ತರ ಇದ್ದರೆ ಹೊಂದಿಸಿಕೊಳ್ಳಿ, ಸುಮ್ನೆ ಒಗ್ಗಿಕೊಳ್ಳಬೇಡಿ.

ಮೊದಲ ಹತ್ತು ನಿಮಿಷ ಎಲ್ಲರೂ ಹುಷಾರಾಗಿರುತ್ತಾರೆ. ಕೈ ಕುದುರಿತು ಅನ್ನಿಸಿ ಗಮನ ಬೇರೆ ಕಡೆ ಹೋದಾಗಲೇ ಹಳೇ ಅಭ್ಯಾಸ ವಾಪಸ್ ಬರುವುದು. ಅದಕ್ಕೇ ದಣಿದ ದಿನ ನಾನು ಗಾಡಿ ಬದಲಿಸುವುದೇ ಇಲ್ಲ.