ಹೊಸ ಹುಲ್ಲುಹಾಸಿನಲ್ಲಿ ಜೇಕು ಮತ್ತು ಬೋಳು ನೆಲ

ಜೂನ್ ಮೊದಲ ವಾರ ಮೈಸೂರಿನ ನಮ್ಮ ಮನೆಯ ಮುಂದಿನ 600 ಚದರ ಅಡಿಯಷ್ಟು ಕೆಂಪುಮಣ್ಣಿನ ಜಾಗದಲ್ಲಿ ಗರಿಕೆಯ ಬೀಜ ಬಿತ್ತಿದೆವು. ಐದನೆಯ ದಿನಕ್ಕೇ ನೆಲ ಹಸಿರಾಯಿತು. ಆದರೆ ಗರಿಕೆ ಬೀಜ ಮೊಳೆಯಲು ಎಂಟು ಹತ್ತು ದಿನವಾದರೂ ಬೇಕೆಂದು ತಿಳಿದಿದ್ದ ನನಗೆ, ಆ ಹಸಿರು ನಾವು ಬಿತ್ತಿದ್ದಲ್ಲ ಎಂಬುದು ನೋಡಿದೊಡನೆ ಅರ್ಥವಾಯಿತು. ಮೊದಲು ಎದ್ದದ್ದು ಗೋಣಿಸೊಪ್ಪು ಮತ್ತು ಹುಳಿಸೊಪ್ಪು. ಅವುಗಳ ಹಿಂದೆಯೇ ಅಲ್ಲಲ್ಲಿ ಸೂಜಿಯಂತೆ ನೆಟ್ಟಗೆ ಮೇಲೆದ್ದು, ಕಡುಹಸಿರಾಗಿ ಹೊಳೆಯುವ ಜೇಕು.

ಇದಕ್ಕೆ ಕಾರಣ ನಮ್ಮದೇ ಆತುರ. ಬಿತ್ತುವ ಮುನ್ನ ಮಣ್ಣಿಗೆ ಬೆರೆಸಿದ ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಲಿಲ್ಲ. ದನ ಮೇದ ಕಳೆಗಳ ಬೀಜಗಳಲ್ಲಿ ಎಷ್ಟೋ ಸಗಣಿಯ ಮೂಲಕ ಜೀವಂತವಾಗಿಯೇ ಹೊರಬರುತ್ತವೆ; ತಿಪ್ಪೆಯೊಳಗಿನ ಬಿಸಿಯಲ್ಲಿ ತಿಂಗಳುಗಟ್ಟಲೆ ಬೇಯದಿದ್ದರೆ ಅವು ಸಾಯುವುದಿಲ್ಲ. ನೆಲ ಹದಮಾಡಿದ ಮೇಲೆ ಎರಡು ಮೂರು ವಾರ ಬರೀ ನೀರು ಹಾಯಿಸಿ, ಮೊಳೆತ ಕಳೆಯನ್ನೆಲ್ಲ ಮಣ್ಣು ಹೆಚ್ಚು ಕದಡದಂತೆ ಮೇಲಿಂದಲೇ ಕೆರೆದು ತೆಗೆದು, ಅನಂತರ ಬಿತ್ತಿದ್ದರೆ ಮುಂದಿನ ಶ್ರಮದಲ್ಲಿ ಅರ್ಧ ಉಳಿಯುತ್ತಿತ್ತು. ಮಳೆ ಹಿಡಿಯುವುದರೊಳಗೆ ಬಿತ್ತಿಬಿಡೋಣವೆಂದು ನಾವು ಆ ಮೂರು ವಾರ ಕಾಯಲಿಲ್ಲ.

ಎಲೆ ಅಗಲವಾಗಿರುವ ಕಳೆಗಳ ವಿಷಯದಲ್ಲಿ ನಾನು ಹೆಚ್ಚು ಚಿಂತಿಸಲಿಲ್ಲ. ಮೊಳಕೆ ಇನ್ನೂ ಬೇರು ಬಿಡುತ್ತಿರುವಾಗ ಕಳೆ ಕೀಳಲು ಹೋದರೆ ಅದರ ಜೊತೆಗೆ ಗರಿಕೆಯೂ ಕಿತ್ತು ಬರುತ್ತದೆ. ಆದ್ದರಿಂದ ಮೊದಲ ನಾಲ್ಕು ವಾರ, ಹೂವಾಗುವ ಹಂತಕ್ಕೆ ಬಂದ ಗಿಡಗಳನ್ನಷ್ಟೇ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆ. ಹುಲ್ಲು ಎರಡು ಅಂಗುಲಕ್ಕೆ ಬಂದಾಗ, ಅಲಗನ್ನು ಚೆನ್ನಾಗಿ ಮಸೆದ ಯಂತ್ರದಿಂದ ಮೊದಲ ಸಲ ಕತ್ತರಿಸಿದೆವು. ನೆಟ್ಟಗೆ ಬೆಳೆಯುವ ಕಳೆಗಳಿಗೆ ಕುಡಿಯೇ ಪ್ರಾಣ. ವಾರಕ್ಕೊಮ್ಮೆ ಕುಡಿ ಹೋಗುತ್ತಿದ್ದರೆ ಅವು ಸೊರಗುತ್ತವೆ, ಗರಿಕೆಯಾದರೋ ಕತ್ತರಿಸಿದಷ್ಟೂ ಪಕ್ಕಕ್ಕೆ ಹಬ್ಬುತ್ತದೆ. ನೆಲಕ್ಕಂಟಿ ಹರಡುವ ಹುಳಿಸೊಪ್ಪು ಮಾತ್ರ ಯಂತ್ರದ ಅಲಗಿಗೆ ಸಿಗುವುದಿಲ್ಲ. ಅದನ್ನು ಮಳೆ ಬಂದ ಮರುದಿನ, ಮಣ್ಣು ಮೆದುವಾಗಿರುವಾಗ ಕೂತು ಕೈಯಿಂದಲೇ ತೆಗೆದೆ.

ಜೇಕಿನ ಮಾತು ಬೇರೆ. ತುಂಗೆಗಡ್ಡೆ, ಕೊನ್ನಾರಿಗಡ್ಡೆ ಎಂದೆಲ್ಲ ಕರೆಯುವ ಇದನ್ನು ಹುಲ್ಲೆಂದು ತಿಳಿಯುವವರೇ ಹೆಚ್ಚು. ಹೂಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಾಗುತ್ತವೆ, ಹುಲ್ಲಿನಲ್ಲಿ ಹಾಗಿಲ್ಲ. ಊರಿನಿಂದ ಬಂದಿದ್ದ ಅಪ್ಪ, ನಾನು ಅದನ್ನು ಎಳೆದೆಳೆದು ಕೀಳುತ್ತಿದ್ದುದನ್ನು ನೋಡಿ, "ಹಾಗೆ ಕಿತ್ತರೆ ಒಂದಿದ್ದದ್ದು ನಾಲ್ಕಾಗುತ್ತದಮ್ಮ, ಗಡ್ಡೆ ಸಮೇತ ಅಗೆದು ತೆಗೆ" ಎಂದರು. ರಾಗಿ ಹೊಲದಲ್ಲಿ ನಲವತ್ತು ವರ್ಷ ಕಳೆ ತೆಗೆದವರ ಮಾತು. ನೆಲದೊಳಗೆ ಜೇಕಿನ ಗಡ್ಡೆಗಳು ಸರದಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ತುದಿಯ ಗಡ್ಡೆ ಬದುಕಿರುವವರೆಗೆ ಉಳಿದವುಗಳಲ್ಲಿ ಬಹಳಷ್ಟು ಮಲಗಿಯೇ ಇರುತ್ತವೆ, ಎಳೆದಾಗ ಸರ ತುಂಡಾದರೆ ಮಲಗಿದ್ದವೂ ಎದ್ದು ಚಿಗುರುತ್ತವೆ. ಜೇಕಿದ್ದ ಪ್ರತಿ ಜಾಗಕ್ಕೂ ಒಂದೊಂದು ಕಡ್ಡಿ ನೆಟ್ಟು ಗುರುತು ಮಾಡಿ, ಸುತ್ತ ಒಂದು ಕೈ ಅಗಲ, ಒಂದು ಗೇಣು ಆಳ, ಮಣ್ಣಿನ ಮುದ್ದೆಯನ್ನೇ ಕಿರುಗುದ್ದಲಿಯಿಂದ ಎತ್ತಿದೆವು. ಆರಿಸಿದ ಗಡ್ಡೆಗಳನ್ನು ತಿಪ್ಪೆಗೆ ಹಾಕದೆ ತಾರಸಿಯ ಮೇಲೆ ಹರಡಿ, ಬಿಸಿಲಿಗೆ ಗಲಗಲ ಎನ್ನುವಷ್ಟು ಒಣಗಿಸಿದೆವು, ಏಕೆಂದರೆ ಒಣಗಿದ ಗಡ್ಡೆ ಮತ್ತೆ ಮೊಳೆಯುವುದಿಲ್ಲ.

ಔಷಧಿ ಹೊಡೆದುಬಿಡಿ ಎಂದು ಹೇಳಿದವರೂ ಇದ್ದರು. ಗ್ಲೈಫೋಸೇಟ್ ಎಂಬ ಕಳೆನಾಶಕ ಕಳೆಯನ್ನೂ ಗರಿಕೆಯನ್ನೂ ಬೇರೆಯೆಂದು ಎಣಿಸುವುದಿಲ್ಲ, ಎರಡನ್ನೂ ಒಣಗಿಸುತ್ತದೆ. ಅದಲ್ಲದೆ ಅದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿದಾರರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಮಗು ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ ಅದನ್ನು ಬಳಸಲು ನನ್ನ ಮನಸ್ಸು ಹೇಗೂ ಒಪ್ಪುತ್ತಿರಲಿಲ್ಲ.

ಜೇಕು ಅಗೆದ ಗುಂಡಿಗಳಲ್ಲದೆ, ಹುಲ್ಲೇ ಬಾರದ ನಾಲ್ಕು ಬೋಳು ಜಾಗಗಳೂ ಉಳಿದಿದ್ದವು. ಎಲ್ಲದಕ್ಕೂ ಮತ್ತೊಂದು ಹಿಡಿ ಬೀಜ ಚೆಲ್ಲಿದರಾಯಿತು ಎಂದು ಮೊದಲು ಅಂದುಕೊಂಡಿದ್ದೆ, ಚೆಲ್ಲಿಯೂ ನೋಡಿದೆ. ಫಲವಿಲ್ಲವಾದಾಗ ಒಂದೊಂದನ್ನೇ ಅಗೆದು ನೋಡಬೇಕಾಯಿತು. ಗೇಟಿನ ಬಳಿಯ ಜಾಗದಲ್ಲಿ ಮೂರು ಅಂಗುಲ ಕೆಳಗೆ, ಮನೆ ಕಟ್ಟುವಾಗ ಗಾರೆ ಕಲಸಿದ್ದ ಸಿಮೆಂಟಿನ ಹೆಂಟೆ ಹಾಸುಗಲ್ಲಿನಂತೆ ಬಿದ್ದಿತ್ತು. ಅದನ್ನು ಒಡೆದು ಸಾಗಿಸಿ, ಹೊಸ ಮಣ್ಣು ತುಂಬಿಸಲು ಎರಡು ಭಾನುವಾರ ಹಿಡಿಯಿತು. ತಾರಸಿಯ ನೀರು ಬೀಳುವ ಕೊಳವೆಯ ಕೆಳಗೆ ಮೊದಲ ಜೋರುಮಳೆಯೇ ಬೀಜವನ್ನು ಕೊಚ್ಚಿಕೊಂಡು ಹೋಗಿತ್ತು. ಅಲ್ಲಿ ನೀರಿಗೆ ಬೇರೆ ದಾರಿ ಮಾಡಿದೆವು. ಗೋಡೆಯ ಪಕ್ಕದ ಪಟ್ಟಿಯಲ್ಲಿ ಇರುವೆಗಳು ಬೀಜವನ್ನು ಸಾಲುಸಾಲಾಗಿ ಹೊತ್ತೊಯ್ದಿದ್ದವು. ಗರಿಕೆಯ ಬೀಜ ಒಂದು ಗ್ರಾಮಿಗೆ ಮೂರು ನಾಲ್ಕು ಸಾವಿರ ತೂಗುವಷ್ಟು ಸಣ್ಣದಾದ್ದರಿಂದ, ಮಣ್ಣಿನ ಮೇಲೆ ಹಾಗೇ ಬಿಟ್ಟರೆ ಉಳಿಯುವುದು ಕಷ್ಟ. ಎರಡನೆಯ ಸಲ ಅದನ್ನು ನಾಲ್ಕು ಪಾಲು ಒಣಮರಳಿನಲ್ಲಿ ಬೆರೆಸಿ ಎರಚಿ, ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಉದುರಿಸಿ, ಹಲಗೆಯಿಂದ ಒತ್ತಿ, ಒದ್ದೆ ಗೋಣಿಚೀಲ ಹೊದಿಸಿದೆ. ಮೊಳಕೆ ಕಂಡ ದಿನ ಸಂಜೆಯೇ ಚೀಲ ತೆಗೆದೆ. ಒಂದೆರಡು ದಿನ ತಡಮಾಡಿದರೂ ಎಳೆ ಹುಲ್ಲು ಬಿಳಿಚಿಕೊಂಡು ಮಲಗಿಬಿಡುತ್ತದೆ.

ಸಣ್ಣ ಗುಂಡಿಗಳಿಗೆ ಬೀಜಕ್ಕಿಂತ ಬಳ್ಳಿಯೇ ಮೇಲು ಎಂಬುದು ನನ್ನ ಅನುಭವ. ಹುಲ್ಲು ದಟ್ಟವಾಗಿ ಹಬ್ಬಿದ ಅಂಚಿನಿಂದ ಗರಿಕೆಯ ಬಳ್ಳಿ ಕತ್ತರಿಸಿ, ಎರಡು ಮೂರು ಗೆಣ್ಣಿನ ತುಂಡುಗಳನ್ನಾಗಿ ಮಾಡಿ, ಒಂದು ಗೆಣ್ಣಾದರೂ ಮಣ್ಣೊಳಗೆ ಇರುವಂತೆ ನಾಲ್ಕು ಅಂಗುಲಕ್ಕೊಂದು ಊರಿದೆ. ಮೊದಲ ಹತ್ತು ದಿನ ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು, ಬೇರು ಹಿಡಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಯಿಸಿದೆ. ಗಣೇಶನ ಹಬ್ಬದ ಬೆಳಿಗ್ಗೆ ಪೂಜೆಗೆ ಬೇಕಾದ ಗರಿಕೆಯನ್ನು ಹಿಂದೆ ಜೇಕಿದ್ದ ಆ ಗುಂಡಿಗಳ ಮೇಲಿನಿಂದಲೇ ಚಿವುಟಿ ತಂದಾಗ ನನಗಾದ ಸಂತೋಷ ಸಣ್ಣದಲ್ಲ.

ನಾಲ್ಕನೆಯ ಬೋಳು ಜಾಗ ಹೊಂಗೆ ಮರದ ಕೆಳಗಿನದು. ಅಲ್ಲಿ ಮಣ್ಣು ಸರಿಯಿತ್ತು, ನೀರೂ ಇತ್ತು, ಬೀಜ ಮೊಳೆತೂ ಇತ್ತು. ಆದರೆ ದಿನಕ್ಕೆ ಎರಡು ಗಂಟೆಯ ಬಿಸಿಲೂ ಬೀಳದ ಆ ನೆಲದಲ್ಲಿ ಗರಿಕೆ ತಿಂಗಳೊಳಗೆ ಸೊರಗಿಹೋಯಿತು. ಗರಿಕೆಗೆ ಆರು ಗಂಟೆಯ ಬಿಸಿಲಾದರೂ ಬೇಕು, ಅದಕ್ಕಾಗಿ ಮರ ಸವರುವ ಮನಸ್ಸು ನಮಗಿಲ್ಲ. ನೆರಳನ್ನು ತಾಳುವ ಅಗಲ ಎಲೆಯ ಕಾರ್ಪೆಟ್ ಹುಲ್ಲಿನ ಕೆಲವು ತುಂಡುಗಳನ್ನು ನರ್ಸರಿಯಿಂದ ತಂದು ಕಳೆದ ವಾರ ಅಲ್ಲಿ ನೆಟ್ಟಿದ್ದೇವೆ. ಗೇಟಿನ ಬಳಿ ಜೇಕು ಇನ್ನೂ ಎರಡು ಕಡೆ ತಲೆ ಎತ್ತುತ್ತಿದೆ. ಅಲ್ಲಿ ಕಡ್ಡಿ ನೆಟ್ಟಿದ್ದೇನೆ, ಮಣ್ಣು ಸ್ವಲ್ಪ ಆರಿದ ಮೇಲೆ ಅಗೆಯಬೇಕು.