ಟರ್ಬೊ ಗಾಡಿಯ ಫ್ಯುಯೆಲ್ ಸಿಸ್ಟಮ್ ಅಪ್‌ಗ್ರೇಡ್: ವೈರಿಂಗ್, ಪಂಪ್, ರೆಗ್ಯುಲೇಟರ್, ಇಂಜೆಕ್ಟರ್

ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) 1.4 ಬಾರ್‌ಗೆ ಏರಿಸಿದ ಮೇಲೆ ಗಾಡಿ ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ಲಾಗ್ ತೆಗೆದು ನೋಡಿದರೆ ಮೇಲಿನ ಆರ್‌ಪಿಎಂನಲ್ಲಿ ಲೆಕ್ಕ ಸರಿ ಇರಲಿಲ್ಲ. 5500ರವರೆಗೆ ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ, ಏರಿದಷ್ಟೂ ಪೆಟ್ರೋಲ್ ಕಡಿಮೆ) 11.6ರಲ್ಲಿ ಅಲ್ಲಾಡದೆ ಕೂತಿರುತ್ತದೆ, ಅಲ್ಲಿಂದ ಮೆಲ್ಲಗೆ ಏರಿ 6500 ಹೊತ್ತಿಗೆ 12.7 ಆಗಿರುತ್ತದೆ. ಬೂಸ್ಟ್ ಇಲ್ಲದ ಎಂಜಿನ್‌ನಲ್ಲಿ ಫುಲ್ ಥ್ರಾಟಲ್‌ಗೆ 12.7 ಒಳ್ಳೆಯ ನಂಬರೇ. ಆದರೆ 1.4 ಬಾರ್ ಬೂಸ್ಟ್‌ನಲ್ಲಿ ಅದು ಲೀನ್, ಅಂದರೆ ಪೆಟ್ರೋಲ್ ಸಾಲದ ಮಿಶ್ರಣ, ಅಲ್ವಾ? ಆ ಸ್ಥಿತಿಯಲ್ಲಿ ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾದರೆ ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್‌ಗಳ ಮಧ್ಯದ ಲೋಹದ ಅಂಚು) ಒಡೆಯಲು ಜಾಸ್ತಿ ಹೊತ್ತು ಬೇಕಿಲ್ಲ. ಹಾಗಾಗಿ ರಸ್ತೆಯಲ್ಲಿ ಓಡಿಸಲು ಬೂಸ್ಟ್ 1 ಬಾರ್‌ಗೆ ಇಳಿಸಿದೆ. ಟೆಸ್ಟ್ ಎಲ್ಲ ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಮೇಲೆ, ಅದೂ ಟೈಮಿಂಗ್ (ಸ್ಪಾರ್ಕ್ ಬೀಳುವ ಹೊತ್ತು) 3 ಡಿಗ್ರಿ ಹಿಂದೆ ಇಟ್ಟುಕೊಂಡೇ.

ಗಾಡಿ ಗೊತ್ತಿಲ್ಲದವರಿಗೆ: 2 ಲೀಟರ್, ನಾಲ್ಕು ಸಿಲಿಂಡರ್, ಕಂಪನಿಯದಕ್ಕಿಂತ ದೊಡ್ಡ ಟರ್ಬೊ, 550 ಸಿಸಿ ಇಂಜೆಕ್ಟರ್ (ಒಂದೊಂದೂ ನಿಮಿಷಕ್ಕೆ ಕೊಡಬಲ್ಲ ಪೆಟ್ರೋಲ್). ಪಂಪ್ ಮಾತ್ರ ಹುಟ್ಟಿದಾಗಿನದ್ದೇ.

ಇಂಥ ಲಾಗ್ ತೋರಿಸಿದರೆ ಹತ್ತರಲ್ಲಿ ಒಂಬತ್ತು ಜನ "ಇಂಜೆಕ್ಟರ್ ಸಾಲುತ್ತಿಲ್ಲ, ದೊಡ್ಡದು ಹಾಕು" ಅನ್ನುತ್ತಾರೆ. ಡ್ಯೂಟಿ 94% ತೋರಿಸುತ್ತಿತ್ತು, ಹಾಗಾಗಿ ಆ ಮಾತು ಪೂರ್ತಿ ತಪ್ಪೂ ಅಲ್ಲ. ಆದರೆ ಡ್ಯೂಟಿ ಅನ್ನುವುದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದನ್ನಷ್ಟೇ ಹೇಳುತ್ತದೆ, ಅದರ ಹಿಂದೆ ಪ್ರೆಶರ್ ಇತ್ತೋ ಇಲ್ಲವೋ ಹೇಳುವುದಿಲ್ಲ. ಅದಕ್ಕೇ ಮೊದಲು ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒಂದು ಪ್ರೆಶರ್ ಸೆನ್ಸರ್ ಹಾಕಿ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕೊಟ್ಟೆ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗ ಇದೇ, ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ.

ಲೆಕ್ಕ ಸುಲಭ. ಬೇಸ್ ಪ್ರೆಶರ್, ಅಂದರೆ ಬೂಸ್ಟ್ ಇಲ್ಲದಾಗಿನ ರೈಲ್ ಪ್ರೆಶರ್, 3 ಬಾರ್. ಬೂಸ್ಟ್ ಎಷ್ಟು ಏರುತ್ತದೋ ರೆಗ್ಯುಲೇಟರ್ ರೈಲ್ ಪ್ರೆಶರನ್ನೂ ಅಷ್ಟೇ ಏರಿಸಬೇಕು, ಯಾಕೆಂದರೆ ಇಂಜೆಕ್ಟರ್ ತುದಿಯಲ್ಲಿ ಬೂಸ್ಟ್ ಎದುರಿನಿಂದ ತಳ್ಳುತ್ತಿರುತ್ತದೆ. 1.4 ಬೂಸ್ಟ್‌ನಲ್ಲಿ ರೈಲ್‌ನಲ್ಲಿ 4.4 ಇರಬೇಕು. 6500 ಆರ್‌ಪಿಎಂನಲ್ಲಿ ಇದ್ದದ್ದು 3.9. ಅಂದರೆ ಇಂಜೆಕ್ಟರ್‌ಗೆ ಸಿಗುತ್ತಿದ್ದದ್ದು 3ರ ಬದಲು 2.5 ಬಾರ್ ಮಾತ್ರ. ಹರಿವು ಪ್ರೆಶರ್‌ನ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ, 2.5 ಭಾಗಿಸು 3ರ ವರ್ಗಮೂಲ 0.913. 11.6ನ್ನು 0.913ರಿಂದ ಭಾಗಿಸಿ ನೋಡಿ, 12.7 ಬರುತ್ತದೆ! ವೈಡ್‌ಬ್ಯಾಂಡ್ (ಎಎಫ್‌ಆರ್ ಅಳೆಯುವ ಸೆನ್ಸರ್) ತೋರಿಸುತ್ತಿದ್ದದ್ದು ಸರಿಯಾಗಿ ಅದನ್ನೇ. ಆ ಲೀನ್ ಪೂರ್ತಿ ಪ್ರೆಶರ್‌ನದ್ದು, ಇಂಜೆಕ್ಟರ್‌ನ ಪಾಲು ಅದರಲ್ಲಿ ಇರಲೇ ಇಲ್ಲ.

ಮುಂದಿನ ಪ್ರಶ್ನೆ, ಪಂಪ್ ಯಾಕೆ ಸೋಲುತ್ತಿದೆ? ಪಂಪ್ ಆರ್ಡರ್ ಮಾಡುವ ಮೊದಲು ಎಂಜಿನ್ ಓಡುತ್ತಿರುವಾಗಲೇ ಪಂಪ್ ಕನೆಕ್ಟರ್‌ಗೆ ಹಿಂದಿನಿಂದ ಮಲ್ಟಿಮೀಟರ್ ಮುಳ್ಳು ಚುಚ್ಚಿದೆ. ಬ್ಯಾಟರಿಯಲ್ಲಿ 14.0 ವೋಲ್ಟ್, ಪಂಪ್ ಹತ್ತಿರ 11.7. ಸಪೂರ ಹಳೇ ವೈರು, ಮಧ್ಯೆ ಹಸಿರುಗಟ್ಟಿದ ಒಂದು ಕನೆಕ್ಟರು, ಡಿಕ್ಕಿ ನೆಲದ ತುಕ್ಕಿನ ಮೇಲೆ ಕೂತ ಅರ್ಥ್. ಪ್ರೆಶರ್ ಏರಿದಷ್ಟೂ ಪಂಪ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕರೆಂಟ್ ಏರಿದಷ್ಟೂ ವೈರಿನಲ್ಲಿ ವೋಲ್ಟೇಜ್ ಬೀಳುತ್ತದೆ, ವೋಲ್ಟೇಜ್ ಬಿದ್ದಷ್ಟೂ ಪಂಪ್ ನಿಧಾನ ತಿರುಗುತ್ತದೆ. ನಮಗೆ ಪೆಟ್ರೋಲ್ ಬೇಕೇ ಬೇಕಾದ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ.

ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರ್ ವೈರ್ ಎಳೆದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಪಂಪ್ ಹತ್ತಿರ ಇಟ್ಟರೆ ಮಧ್ಯದಲ್ಲಿ ವೈರ್ ಉಜ್ಜಿ ಬಾಡಿಗೆ ತಾಗಿದಾಗ ಅದು ಇದ್ದೂ ಇಲ್ಲದಂತೆ. ಹೊಸ ವೈರ್ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಮೂಲಕ ಪಂಪ್‌ಗೆ ಹೋಗುತ್ತದೆ, ಹಳೇ ಪಂಪ್ ವೈರ್ ಈಗ ಆ ರಿಲೇಯ ಕಾಯಿಲ್ ಎಳೆಯಲು ಮಾತ್ರ. ಹಾಗಾಗಿ ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲುತ್ತದೆ, ಕಂಪನಿ ಕೊಟ್ಟ ಆ ಸೇಫ್ಟಿ ಹಾಗೇ ಉಳಿಯಿತು. ಅರ್ಥ್‌ಗೆ ಬಣ್ಣ ಕೆರೆದು ಬರೀ ಲೋಹಕ್ಕೆ ಬೋಲ್ಟ್ ಹಾಕಿದೆ. ಈಗ ಪಂಪ್ ಹತ್ತಿರ 13.6 ವೋಲ್ಟ್. ಪಂಪ್ ಅದೇ ಹಳೇದು, ಆದರೂ 6500ರಲ್ಲಿ ಪ್ರೆಶರ್ 3.9ರಿಂದ 4.15ಕ್ಕೆ ಬಂತು, ಎಎಫ್‌ಆರ್ 12.1. ಬರೀ ವೈರಿಂಗ್‌ನಿಂದ ಇಷ್ಟು ಸಿಗುತ್ತದೆ ಅಂತ ನನಗೂ ಅಂದಾಜು ಇರಲಿಲ್ಲ.

ಆಮೇಲೆ ಪಂಪ್. ಗುರಿ 380 ಎಚ್‌ಪಿ. ಟರ್ಬೊ ಪೆಟ್ರೋಲ್ ಎಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 280 ಗ್ರಾಂ ಅಂತ ಹಿಡಿದರೆ 106 ಕೆಜಿ, ಲೀಟರ್‌ಗೆ 0.74 ಕೆಜಿಯಂತೆ ಗಂಟೆಗೆ 144 ಲೀಟರ್. 255 ಲೀಟರ್ ಪಂಪ್ ಧಾರಾಳ ಸಾಕು ಅನಿಸುತ್ತದೆ. ಆದರೆ ಆ 255 ಸುಮಾರು 3 ಬಾರ್ ಪ್ರೆಶರ್‌ನ ಮಾತು, 4.5 ಬಾರ್‌ನಲ್ಲಿ ಅದೇ ಪಂಪ್ ತುಂಬಾ ಕಡಿಮೆ ಕೊಡುತ್ತದೆ. ಪೆಟ್ಟಿಗೆ ಮೇಲಿನ ನಂಬರ್ ಬಿಟ್ಟು ಗ್ರಾಫ್ ನೋಡಿ ತೆಗೆದುಕೊಳ್ಳಿ. ಮುಂದೆ ಎಥನಾಲ್ ಆಲೋಚನೆ ಇರುವವರಿಗೆ ಇನ್ನೂ ಮುಖ್ಯ, ಇ85ಗೆ (85%ವರೆಗೆ ಎಥನಾಲ್ ಇರುವ ಇಂಧನ) 30ರಿಂದ 40% ಜಾಸ್ತಿ ಫ್ಯುಯೆಲ್ ಬೇಕು. ನಾನು 340 ಲೀಟರಿನದು ಹಾಕಿದೆ.

ಟ್ಯಾಂಕ್ ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಂಪ್ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪ್ರೆಶರ್ ಇಳಿಸಿ, ಬ್ಯಾಟರಿ ಮೈನಸ್ ಬಿಚ್ಚಿ, ಬಾಗಿಲು ಕಿಟಕಿ ತೆರೆದಿಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಲಾಕ್ ರಿಂಗ್ ಬಿಚ್ಚಲು ಕಬ್ಬಿಣದ ಉಳಿ ಬೇಡ, ಕಿಡಿ ಹಾರುತ್ತದೆ, ಹಿತ್ತಾಳೆ ತುಂಡು ಇಟ್ಟು ತಟ್ಟಿ. ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು: ಟ್ಯಾಂಕ್ ಒಳಗಿನ ಹೋಸ್‌ಗೆ ಎಸ್‌ಎಇ 30ಆರ್10 ಗುರುತು ಇರಬೇಕು. ಸಾಮಾನ್ಯ ಫ್ಯುಯೆಲ್ ಹೋಸ್‌ಗೆ ಒಳಗಡೆ ಪೆಟ್ರೋಲ್ ತಾಗಿದರೆ ತೊಂದರೆ ಇಲ್ಲ, ಹೊರಮೈ ಕೂಡ ಮುಳುಗಿದರೆ ಉಬ್ಬಿ ಮೆತ್ತಗಾಗಿ ಕ್ಲಾಂಪ್‌ನಿಂದ ಜಾರುತ್ತದೆ.

ಹೊಸ ಪಂಪ್ ಹಾಕಿದ್ದೇ ಹೊಸ ತಲೆನೋವು. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಿತ್ತು ಐಡಲ್‌ನಲ್ಲಿ ನೋಡಿದರೆ 3.0 ಇರಬೇಕಾದ ಕಡೆ 3.5. ಐಡಲ್‌ನಲ್ಲಿ ಎಂಜಿನ್ ಕುಡಿಯುವುದು ತೊಟ್ಟು ತೊಟ್ಟು, ಉಳಿದದ್ದೆಲ್ಲ ರಿಟರ್ನ್ ಲೈನ್‌ನಲ್ಲೇ ವಾಪಸ್ ಹೋಗಬೇಕು. ಕಂಪನಿ ರಿಟರ್ನ್ ಪೈಪು ಸಪೂರ, ರೆಗ್ಯುಲೇಟರ್‌ನ ತೂತೂ ಸಣ್ಣದು. ಸಣ್ಣ ಬಾಗಿಲಲ್ಲಿ ಜಾತ್ರೆ ಜನ ಹೊರಗೆ ಬರುವ ಹಾಗೆ ಪೆಟ್ರೋಲ್ ಅಲ್ಲೇ ಒತ್ತರಿಸಿ ನಿಲ್ಲುತ್ತಿತ್ತು. ಅಡ್ಜಸ್ಟ್ ಮಾಡಬಹುದಾದ ದೊಡ್ಡ ರೆಗ್ಯುಲೇಟರ್ ಹಾಕಿ, ಹೋಗುವ ಬರುವ ಎರಡೂ ಲೈನ್ ಎಎನ್-6 ಅಳತೆಯ ಪಿಟಿಎಫ್‌ಇ (ಟೆಫ್ಲಾನ್) ಹೋಸ್ ಮಾಡಿದೆ, ಮಧ್ಯೆ 10 ಮೈಕ್ರಾನ್ ಫಿಲ್ಟರ್.

ಹೊರಗೆ ಸ್ಟೀಲ್ ಎಳೆ ನೇಯ್ದ ಈ ಬ್ರೇಡೆಡ್ ಹೋಸ್ ಕತ್ತರಿಸುವುದು ತಾಳ್ಮೆ ಕೆಲಸ. ಟೇಪ್ ಬಿಗಿಯಾಗಿ ಸುತ್ತಿ, ಟೇಪ್ ಮಧ್ಯದಲ್ಲೇ ಕಟಿಂಗ್ ಡಿಸ್ಕ್ ಇಳಿಸಬೇಕು. ಇಲ್ಲದಿದ್ದರೆ ಸ್ಟೀಲ್ ಎಳೆಗಳು ಕುಂಚದ ತುದಿಯಂತೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತವೆ. ಬೆರಳು ಹೋಗಲಿ ಬಿಡಿ, ಅಂಥ ಒಂದೇ ಒಂದು ಎಳೆ ಒಳಗಿನ ಬಿಳಿ ಕೊಳವೆಗೂ ಹಿತ್ತಾಳೆ ಆಲಿವ್‌ಗೂ (ಜಾಯಿಂಟ್ ಸೀಲ್ ಮಾಡುವ ಉಂಗುರ) ಮಧ್ಯೆ ಸಿಕ್ಕಿಕೊಂಡರೆ ಆ ಜಾಯಿಂಟ್ ಎಷ್ಟು ಬಿಗಿ ಮಾಡಿದರೂ ಒಸರುತ್ತದೆ. ಎಲ್ಲ ಮುಗಿದ ಮೇಲೆ ಪ್ರತಿ ಜಾಯಿಂಟ್‌ಗೂ ಬಿಳಿ ಟಿಶ್ಯೂ ಸುತ್ತಿ, ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮಾತ್ರ ಓಡಿಸಿ ನೋಡಿದೆ. ಒದ್ದೆ ಆಗಲಿಲ್ಲ. ಬೇಸ್ 3.0, ಬೂಸ್ಟ್‌ನಲ್ಲಿ 4.4, ರೆಡ್‌ಲೈನ್‌ವರೆಗೂ ಗೆರೆ ಎಳೆದ ಹಾಗೆ. ಎಎಫ್‌ಆರ್ 11.6, ಇಂಜೆಕ್ಟರ್ ಅವೇ 550.

ಆದರೂ ಇಂಜೆಕ್ಟರ್ ಬದಲಾಯಿಸಿದೆ, 94% ಡ್ಯೂಟಿ ಇಟ್ಟುಕೊಂಡು ಬೂಸ್ಟ್ ಏರಿಸಲು ಜಾಗ ಎಲ್ಲಿದೆ? 144 ಲೀಟರ್ ನಾಲ್ಕರಲ್ಲಿ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 600 ಸಿಸಿ, 85% ಡ್ಯೂಟಿಗೆ 706. ಸ್ವಲ್ಪ ಎಥನಾಲ್‌ಗೂ ಜಾಗ ಇರಲಿ ಅಂತ 850 ಸಿಸಿ ತೆಗೆದುಕೊಂಡೆ, ಹೈ ಇಂಪೀಡೆನ್ಸ್ (ಕಾಯಿಲ್‌ನ ಪ್ರತಿರೋಧ ಜಾಸ್ತಿ), ಹಾಗಾಗಿ ರೆಸಿಸ್ಟರ್ ಪೆಟ್ಟಿಗೆಯ ರಗಳೆ ಇಲ್ಲ. ಓ-ರಿಂಗ್‌ಗೆ ಎಣ್ಣೆ ಸವರಿ ಒತ್ತಿ ಕೂರಿಸಿದ ಮೇಲೆ ಇಂಜೆಕ್ಟರ್ ಕೈಯಲ್ಲಿ ತಿರುಗಬೇಕು. ತಿರುಗದೆ ಬಿಗಿದುಕೊಂಡರೆ ಓ-ರಿಂಗ್ ಮಡಚಿದೆ ಅಂತಲೇ ಅರ್ಥ.

ಸ್ಟಾರ್ಟ್ ಆಯಿತು, ಆದರೆ ರೇಡಿಯೇಟರ್ ಫ್ಯಾನ್ ಆನ್ ಆದಾಗೆಲ್ಲ ಐಡಲ್ ಕುಸಿಯುತ್ತಿತ್ತು. ಕಾರಣ ಡೆಡ್ ಟೈಮ್. ಐಡಲ್‌ನಲ್ಲಿ ಪಲ್ಸ್ ಸುಮಾರು 1.6 ಮಿಲಿಸೆಕೆಂಡ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜೆಕ್ಟರ್ ತೆರೆಯುವುದರಲ್ಲೇ ಹೋಗುತ್ತದೆ. ಫ್ಯಾನ್ ಬಂದು ವೋಲ್ಟೇಜ್ ಬಿದ್ದರೆ ತೆರೆಯಲು ಇನ್ನೂ ತಡ, ಮಿಶ್ರಣ ಲೀನ್. ಇಂಜೆಕ್ಟರ್ ಜೊತೆ ಬಂದ ಶೀಟ್‌ನಲ್ಲಿದ್ದ ವೋಲ್ಟೇಜ್ ಟೇಬಲ್ ಇಸಿಯುಗೆ ತುಂಬಿದ ಮೇಲೆ ಫ್ಯಾನ್ ಬಂದರೂ ಸೂಜಿ ಅಲ್ಲಾಡುವುದಿಲ್ಲ. ಇಂಥ ಶೀಟ್ ಇಲ್ಲದ ಇಂಜೆಕ್ಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸುಮ್ನೆ ಬಿಟ್ಟುಬಿಡಿ.

1.4 ಬಾರ್‌ನಲ್ಲಿ ಡ್ಯೂಟಿ ಈಗ 63%. ಟೈಮಿಂಗ್ ಕೂಡ ಮೊದಲಿನ ಜಾಗಕ್ಕೆ ಬಂತು. ಇಸಿಯುನಲ್ಲಿ ಒಂದು ಕಾವಲೂ ಇಟ್ಟಿದ್ದೇನೆ: ಬೂಸ್ಟ್‌ನಲ್ಲಿರುವಾಗ ರೈಲ್ ಪ್ರೆಶರ್‌ನಿಂದ ಬೂಸ್ಟ್ ಕಳೆದು 2.7 ಬಾರ್‌ಗಿಂತ ಕಡಿಮೆ ಬಂದರೆ ಎಂಜಿನ್ ಕಟ್.

ಆ ಕಟ್ ಆಗಲೇ ಬಿದ್ದಿದೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಉದ್ದನೆಯ ಬಲ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಲಾಗ್‌ನಲ್ಲಿ ಪ್ರೆಶರ್ ಗೆರೆ ಒಮ್ಮೆ ದಢಕ್ಕನೆ ಕೆಳಗೆ ಬಿದ್ದು ವಾಪಸ್ ಬರುತ್ತದೆ. ಸದ್ಯಕ್ಕೆ ಅರ್ಧ ಟ್ಯಾಂಕ್‌ಗಿಂತ ಕೆಳಗೆ ಜೋರಾಗಿ ಓಡಿಸುವುದಿಲ್ಲ. ಮುಂದಿನ ಕೆಲಸ ಸರ್ಜ್ ಟ್ಯಾಂಕ್ (ಪಂಪ್‌ಗೆ ಸದಾ ಪೆಟ್ರೋಲ್ ಸಿಗುವಂತೆ ಹಿಡಿದಿಡುವ ಚಿಕ್ಕ ಟ್ಯಾಂಕ್), ಅದು ಕೂತ ಮೇಲೆಯೇ 1.5 ಬಾರ್. ಟ್ಯಾಂಕ್ ಒಳಗೇ ಕೂರುವ ಚಿಕ್ಕ ಸರ್ಜ್ ಪಾಟ್ ಯಾರಾದರೂ ಹಾಕಿದ್ದರೆ ಪಂಪ್ ಬಿಸಿ ಹೇಗಿದೆ ಅಂತ ಹೇಳಿ.