ಹೋಟೆಲ್ ಕೌಂಟರಿನಲ್ಲಿ ಕೂತದ್ದು ಕೆಲಸವಲ್ವಾ?

ನಮ್ಮ ಮುಂಬೈಯಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ 'ಎಲ್ಲಾದರೂ ಕೆಲಸ ಮಾಡಿದ್ದೀಯಾ' ಅಂತ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜೆಇಇಗೆ ರ‍್ಯಾಂಕ್, ಎಂಎಚ್‌ಟಿ-ಸಿಇಟಿಗೆ ಪರ್ಸೆಂಟೈಲ್, ಅಷ್ಟೇ. ಹಾಗಾಗಿ ಅಣ್ಣನ ಮಗ ಅಮೆರಿಕಕ್ಕೆ ಅರ್ಜಿ ಹಾಕಲು ಕೂತಾಗ ಕೆಲಸದ ಪ್ರಶ್ನೆ ನಮಗೆಲ್ಲ ಹೊಸದಾಗಿತ್ತು.

ಅಲ್ಲಿಯ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಅಂತ ಒಂದೇ ಅರ್ಜಿ. ಓದಿನ ಹೊರಗೆ ಏನೇನು ಮಾಡಿದ್ದೀರಿ ಅಂತ ಬರೆಯಲು ಅದರಲ್ಲಿ 10 ಜಾಗ. ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ. ಹುಡುಗ ಚೆಸ್ ಬರೆದ, ಶಾಲೆಯ ಡಿಬೇಟ್ ಬರೆದ, ಆಮೇಲೆ ನಿಲ್ಲಿಸಿದ.

"ಹೋಟೆಲ್ ಕೆಲಸ ಎಲ್ಲಿ?" ಅಂತ ಕೇಳಿದೆ.

"ಅದನ್ನೆಲ್ಲ ಬರೀತಾರಾ ಅತ್ತೆ? ಕನ್ಸಲ್ಟೆಂಟ್ ಸರ್ ಬೇಡ ಅಂದ್ರು. ದುಡ್ಡು ಕಟ್ಟಿದ್ರೆ ಎರಡು ವಾರದ ಇಂಟರ್ನ್‌ಶಿಪ್ ಕೊಡಿಸ್ತಾರಂತೆ, ಸರ್ಟಿಫಿಕೇಟ್ ಸಮೇತ."

ನನಗೆ ಸಿಟ್ಟು ಬಂತು. ಚೆಂಬೂರಿನ ಅಣ್ಣನ ಹೋಟೆಲಿನಲ್ಲಿ ಈ ಹುಡುಗ ರಜೆಯಿಡೀ ದುಡಿದಿದ್ದಾನೆ. ಸಂಜೆ ಕೌಂಟರಿನಲ್ಲಿ ಕೂರುತ್ತಾನೆ, ರಾತ್ರಿ ಯುಪಿಐಯಲ್ಲಿ ಬಂದ ಹಣವನ್ನು ಬಿಲ್ಲುಗಳ ಜೊತೆ ತಾಳೆ ಹಾಕುತ್ತಾನೆ. ಚಟ್ನಿಯ ವಿಷಯವಂತೂ ಹೇಳಲೇಬೇಕು. ವಾರದ ನಡುವೆ ಮಧ್ಯಾಹ್ನದ ಹೊತ್ತಿಗೆ ಚಟ್ನಿ ಹುಳಿ ಬಂದು ಚೆಲ್ಲುವುದು, ಭಾನುವಾರ ಒಂಬತ್ತು ಗಂಟೆಗೇ ಖಾಲಿಯಾಗುವುದು, ಇದು ಯಾವಾಗಲೂ ಇದ್ದ ಗೋಳು. ಇವನು ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ತೆಂಗಿನಕಾಯಿ ಒಡೆದರು, ಎಷ್ಟು ಚಟ್ನಿ ಉಳಿಯಿತು ಅಂತ ಬರೆದಿಟ್ಟ. ಆಮೇಲೆ ಭಟ್ರ ಹತ್ತಿರ ಮಾತಾಡಿ, ವಾರದ ದಿನಗಳಲ್ಲಿ ಎರಡು ಸಲ ಸ್ವಲ್ಪ ಸ್ವಲ್ಪವೇ ರುಬ್ಬುವ ಹಾಗೆ ಮಾಡಿದ. ಚೆಲ್ಲುವುದು ನಿಂತಿತು. ಇವನು ಓದಲು ಹೊರಟಿರುವುದು ಎಕನಾಮಿಕ್ಸ್!

ಫಾರ್ಮಿನ ಪಟ್ಟಿಯನ್ನು ಕೆಳಗೆ ಸರಿಸಿ ನೋಡಿದೆವು. ಸಂಬಳದ ಕೆಲಸಕ್ಕೆ ಒಂದು ವಿಭಾಗ, ಮನೆಯ ಜವಾಬ್ದಾರಿಗಳಿಗೆ ಇನ್ನೊಂದು. ಅವರೇ ಕೇಳುತ್ತಿದ್ದಾರೆ, ಮುಚ್ಚಿಡುವುದು ಯಾಕೆ? ಮುಂಬೈಯ ಹೋಟೆಲುಗಳಲ್ಲಿ ಹಗಲು ತಟ್ಟೆ ಎತ್ತಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಇದು. ಅವರ ಮೊಮ್ಮಕ್ಕಳು ಅದೇ ಕೆಲಸವನ್ನು ಅರ್ಜಿಯಲ್ಲಿ ಬರೆಯಲು ನಾಚುವುದು ನನಗೆ ಸಹಿಸಲು ಆಗುವುದಿಲ್ಲ.

ಹಾಗಂತ ಕೆಲಸ ಮಾಡಿದ್ದಕ್ಕೇ ಸೀಟು ಸಿಗುತ್ತದೆ ಅಂತಲ್ಲ. ಮೊದಲು ನೋಡುವುದು ಓದನ್ನೇ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಕಡೆ ಆ ವಿಷಯದ ಮೇಲೆ ಎಷ್ಟು ಆಸಕ್ತಿ, ಎಷ್ಟು ಹಿಡಿತ ಅನ್ನುವುದೇ ದೊಡ್ಡದು. ಆದರೆ ದುಡ್ಡು ಕೊಟ್ಟು ತಂದ ಸರ್ಟಿಫಿಕೇಟಿನ ಬಗ್ಗೆ ಇವನನ್ನು ಎರಡು ಪ್ರಶ್ನೆ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಚಟ್ನಿ ಬಗ್ಗೆ ಕೇಳಲಿ, ಅರ್ಧ ಗಂಟೆ ಮಾತಾಡುತ್ತಾನೆ.

150 ಅಕ್ಷರದೊಳಗೆ ತುರುಕಲು ತುಂಬ ಹೊತ್ತು ಹಿಡಿಯಿತು. 'ಕಷ್ಟಪಟ್ಟು ದುಡಿದೆ' ಅನ್ನುವಂಥದ್ದನ್ನೆಲ್ಲ ತೆಗೆಸಿದೆ. ತೆಂಗಿನಕಾಯಿ, ಯುಪಿಐ, ಬಿಲ್ಲು ಉಳಿದವು.

ಪಕ್ಕದಲ್ಲೇ ಕೂತಿದ್ದ ಅವನ ತಂಗಿ, "ಅತ್ತೆ, ನಾನು ಅಜ್ಜಿಗೆ ಇನ್ಸುಲಿನ್ ಕೊಡೋದನ್ನೂ ಬರೀಬಹುದಾ?" ಅಂದಳು. ಅವಳಿಗೆ ಡಾಕ್ಟರ್ ಆಗಬೇಕು. ಬ್ರಿಟನ್ನಿನ ಮೆಡಿಕಲ್ ಕಾಲೇಜುಗಳಾದರೆ ಇಂಥ ಆರೈಕೆಯ ಅನುಭವವನ್ನು ಕೇಳಿ ತಿಳಿದುಕೊಳ್ಳುತ್ತವೆ. ಇಲ್ಲಿ ನೀಟ್ ಅಂಕ ಮಾತ್ರ. ಲಕ್ಷಗಟ್ಟಲೆ ಮಕ್ಕಳಿಗೆ ಒಂದೇ ಪರೀಕ್ಷೆ ನಡೆಸುವ ಕಡೆ ಇದನ್ನೆಲ್ಲ ತೂಗಿ ನೋಡುವುದು ಸುಲಭವಲ್ಲ, ಗೊತ್ತು. ಸರ್ಟಿಫಿಕೇಟ್ ಮಾರುವವರು ಅಲ್ಲಿಗೂ ಬರುತ್ತಾರೆ, ಅದೂ ಗೊತ್ತು. ಆದರೂ ಡಾಕ್ಟರ್ ಆಗಲು ಹೊರಟ ಹುಡುಗಿಯನ್ನು ಒಬ್ಬ ಕಾಯಿಲೆಯವರನ್ನಾದರೂ ನೋಡಿಕೊಂಡಿದ್ದೀಯಾ ಅಂತ ಕೇಳದೇ ಇರುವುದು ನನಗೆ ಸರಿ ಅನಿಸುವುದಿಲ್ಲ. ಅದನ್ನೇ ಅವಳಿಗೂ ಹೇಳಿದೆ.